ಬಣ್ಣದ ಹಿತ್ತಲಿನ ಮೆಂತ್ಯೆ

ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ ಕಾರ್ಖಾನೆಯೊಂದು ಮುಚ್ಚಿ ವರ್ಷಗಳಾಗಿದ್ದವು. ಅದರ ಹಿತ್ತಲಿನ ಮಣ್ಣನ್ನು ಪರೀಕ್ಷೆಗೆ ತರಲು ಆಫೀಸಿನವರು ನನ್ನನ್ನು ಕಳಿಸಿದ್ದರು. ಹೋಗಿ ನೋಡಿದರೆ ಅಲ್ಲಿ ಸೊಂಪಾದ ಮೆಂತ್ಯೆ. ಬೆಳೆದವರು ಪಕ್ಕದ ಮನೆಯ ಶಾಂತವ್ವ. ನಾನು ಮಣ್ಣನ್ನು ಚೀಲಕ್ಕೆ ತುಂಬುವಷ್ಟರಲ್ಲಿ ಅವರು ರೊಟ್ಟಿ, ಮೆಂತ್ಯೆ ಪಲ್ಯ ತಂದಿಟ್ಟರು. ನಾನು ಬರೀ ರೊಟ್ಟಿ ಮುರಿದು ತಿಂದೆ.

"ಪಲ್ಯಾ ಯಾಕ ಮುಟ್ಟವಲ್ರಿ, ಸಾಹೇಬ್ರ?"

ಸುಳ್ಳು ಹೇಳಲಾಗಲಿಲ್ಲ. "ಈ ಮಣ್ಣಾಗ ಬಣ್ಣದಾಗಿನ ಸೀಸ ಉಳಿದಿರಬಹುದರಿ. ಸೊಪ್ಪು ಅದನ್ನ ಹೀರತೈತಿ. ಸಣ್ಣ ಹುಡುಗರ ಮಿದುಳಿಗೆ ಭಾಳ ಕೆಟ್ಟ."

ಶಾಂತವ್ವ ಹೊಸ್ತಿಲಲ್ಲಿ ಉಣ್ಣುತ್ತಿದ್ದ ಮೊಮ್ಮಗಳತ್ತ ನೋಡಿದರು. ನಾನು ಗಾಬರಿಯಾಗಿ, "ಇನ್ನೂ ಖಾತ್ರಿ ಇಲ್ಲರಿ, ವರದಿ ಬರಬೇಕು" ಎಂದೆ.

"ಅದು ಬರೂತನಕ ಕೂಸು ಇದನ್ನ ತಿನ್ನಬೇಕೇನ್ರಿ?"

ಮೊಮ್ಮಗಳ ತಟ್ಟೆ ಎತ್ತಿಟ್ಟು, ಅವಳ ಕೈಬಾಯಿ ತೊಳೆದು, ಶಾಂತವ್ವ ಸೆರಗು ಸಿಕ್ಕಿಸಿ ಮೆಂತ್ಯೆಯ ಮಡಿಗಿಳಿದು ಗಿಡ ಕೀಳತೊಡಗಿದರು. ನಾನೂ ಕೈಹಚ್ಚಿದೆ. ಮಧ್ಯಾಹ್ನದೊಳಗೆ ಒಂದು ಗಿಡವೂ ಉಳಿಯಲಿಲ್ಲ. ಮುಂದೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಕೂಸಿನ ರಕ್ತದಲ್ಲಿ ಸ್ವಲ್ಪ ಸೀಸ ಸಿಕ್ಕಿತು. ಸೊಪ್ಪು ತಿನ್ನಿಸುವುದನ್ನು ಲಗೂನ ಬಿಟ್ಟಿದ್ದು ಛಲೋ ಆತು ಎಂದರು ಡಾಕ್ಟರು.

ಮಣ್ಣಿನ ವರದಿ ಬಂದದ್ದು ನಾಲ್ಕು ತಿಂಗಳ ಮೇಲೆ. ಸೀಸ ಮಿತಿ ಮೀರಿದೆ, ಇಲ್ಲಿ ಸೊಪ್ಪು ಬೆಳೆಯಬಾರದು ಎಂದಿತ್ತು. ನಾನೇ ಹೋಗಿ ಓದಿ ಹೇಳಿದೆ.

ಶಾಂತವ್ವ ಪೂರ್ತಿ ಕೇಳಿಸಿಕೊಂಡು, "ನಿಮ್ಮ ಆಫೀಸಿನ್ಯಾಗ ಯಾರಿಗೂ ಮೊಮ್ಮಕ್ಕಳಿಲ್ಲೇನ್ರಿ?" ಎಂದರು.