ಪಾಪ ಅಂದದ್ದು ಯಾರಿಗೆ

ನಮ್ಮ ಮನಿ ರಾಯಚೂರಿನ ಆಚೆ, ತೆಲಂಗಾಣದ ಮಕ್ತಲದಾಗ ಐತಿ. ಗೋಡಿ ಒಂದೂವರಿ ಮೊಳ ದಪ್ಪ, ಎಲ್ಲಾ ಕಲ್ಲಿಂದು. ಬ್ಯಾಸಗ್ಯಾಗ ಒಳಗ ತಂಪು ಖರೆ, ಆದ್ರ ಫೋನಿನ ಸಿಗ್ನಲ್ ಹೊಸ್ತಿಲ ದಾಟಂಗಿಲ್ಲ. ಮಾತಾಡಬೇಕಂದ್ರ ಅಂಗಳಕ್ಕ ಬರಬೇಕು. ಅದಕ್ಕಂತ ವೈಫೈ ಹಾಕ್ಕೊಂಡ್ವಿ, ಒಂದು ಡಬ್ಬಿ ಸಾಲಲಿಲ್ಲ ಅಂತ ಮೂರು ತಂದೆ. ಬೀದಿ ಕಡೆ ಪಡಸಾಲ್ಯಾಗ ಒಂದು, ನಡುಮನ್ಯಾಗ ಒಂದು, ಒಳಗಿನ ಖೋಲ್ಯಾಗ ಒಂದು. ಮೊದಲನೇದು ಎರಡನೇದಕ್ಕ ಕೊಡತೈತಿ, ಎರಡನೇದು ಮೂರನೇದಕ್ಕ, ಬಾವಿಯಿಂದ ಸೇದಿದ ಕೊಡ ಕೈಯಿಂದ ಕೈಗೆ ದಾಟಿಸಿದಂಗ. ಇದಕ್ಕ ಮೆಶ್ ಅಂತಾರ. ಹಾಕಿದಾವ ನಾನ. ಕನ್ನಡ ಸಾಲ್ಯಾಗ ವಿಜ್ಞಾನ ಕಲಿಸಿ ರಿಟೈರ್ ಆದ ಮಾಸ್ತರ ನಾನು. ಮಿಕ್ಸರು, ಮೋಟರು, ಓಣಿ ಮಂದಿ ಗಡಿಯಾರ, ಏನು ಕಂಡ್ರೂ ಬಿಚ್ಚಬೇಕು. ‘ಇದೇನು ಮಹಾ’ ಅನ್ನೂದು ನನ್ನ ಬಾಯಾಗಿನ ಮಾತು.

ಹೋದ ಬ್ಯಾಸಗ್ಯಾಗ ನಮ್ಮನ್ಯಾಕಿ ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುಬು ಮುರಕೊಂಡ್ಲು. ರಾಯಚೂರಾಗ ರಾಡು ಹಾಕಿ ಕಳಿಸಿದ್ರು. ಆರು ವಾರ ಮಂಚ ಬಿಟ್ಟು ಇಳಿಯಂಗಿಲ್ಲ, ಗಾಡಿ ಹತ್ತೂದಂತೂ ಮಾತಾಡಬ್ಯಾಡ್ರಿ ಅಂದ ಡಾಕ್ಟರ್. ಒಳಗಿನ ಖೋಲಿ ತಂಪಂತ ಅಲ್ಲೇ ಮಂಚ ಹಾಕಿದೆ. ಅದೇ ಹೊತ್ತಿನಾಗ ಅತ್ತ ತವರೂರು ಐಜದಾಗ ಆಕಿ ಅವ್ವ ಹಾಸಿಗಿ ಹಿಡಿದ್ರು. ವಯಸ್ಸಾಗಿತ್ತು, ಅನ್ನ ಬಿಟ್ಟಿದ್ರು. ಮಗಳು ಹೋಗಂಗಿಲ್ಲ, ತಾಯಿ ಬರಂಗಿಲ್ಲ. ದಿನಾ ನಾಕು ಗಂಟೆಕ್ಕ ಹೆಂಡತಿ ತಮ್ಮನ ಹೆಂಡತಿ ವಿಡಿಯೋ ಹಚ್ಚತಿದ್ಲು. ಅವರಿಬ್ಬರಿಗೂ ಉಳಿದದ್ದು ಅದೊಂದ.

ನಮ್ಮ ಅತ್ತಿಯವರಿಗೂ ನನಗೂ ಇದ್ದದ್ದೂ ಒಂದು ಹೇಳಬೇಕು. ಅವರ ಮನ್ಯಾಗ ಮಾತು ತೆಲುಗು. ನಾನು ಹುಟ್ಟಿದ್ದು ಓದಿದ್ದು ಎಲ್ಲಾ ರಾಯಚೂರು ಕಡೆ, ಲಗ್ನ ಆದಾಗ ನನಗ ತೆಲುಗು ಒಂದಕ್ಷರ ಬರತಿದ್ದಿಲ್ಲ. ಮಗಳ್ನ ಕಳಿಸಿಕೊಡೋ ದಿನ ಅತ್ತಿಯವರು ಆಕಿ ಗದ್ದ ಹಿಡಕೊಂಡು ‘ಪಾಪ, ಪಾಪ’ ಅಂತ ಅಳಾಕ ಹತ್ತಿದ್ರು. ನನಗ ಸಿಟ್ಟು ಬಂತು. ಪಾಪ ಅನ್ನಾಕ ಈಕಿಗೇನಾಗೇತಿ, ಹುಲಿ ಬಾಯಿಗೇನು ಕೊಡಾಕತ್ತೀರಿ ಅಂತ ಎಲ್ಲರ ಮುಂದ ಅಂದುಬಿಟ್ಟೆ. ಬೀಗರೆಲ್ಲಾ ಬಿದ್ದು ಬಿದ್ದು ನಕ್ರು. ತೆಲುಗಿನ್ಯಾಗ ಪಾಪ ಅಂದ್ರ ಕೂಸು, ಮುದ್ದಿನ ಹೆಣ್ಣು ಕೂಸು ಅಂತ ಮಾವನವರು ಬಿಡಿಸಿ ಹೇಳಿದ್ರು. ಅತ್ತಿಯವರು ಮಾತ್ರ ನಗಲಿಲ್ಲ. ಕನ್ನಡ ಅವರಿಗೆ ಬರತಿತ್ತು, ಐಜದ ಸಂತ್ಯಾಗ ಹತ್ತಿ ಯಾಪಾರದವರ ಕೂಡ ಛಂದಾಗಿ ಮಾತಾಡೋರು. ನನ್ನ ಕೂಡ ಮೂವತ್ತನಾಕು ವರ್ಷ ಒಂದು ಕನ್ನಡ ಮಾತು ಆಡಲಿಲ್ಲ. ಊಟಕ್ಕ ಏಳ್ರಿ ಅನ್ನೂದನ್ನೂ ಮಗಳ ಕೈಲೇ ಹೇಳಿಸೋರು. ನಾನೂ ಏನು ಕಮ್ಮಿ, ಸೋಲಲಿಲ್ಲ. ತೆಲುಗು ಕಲತೆ, ಆದ್ರ ಅವರ ಮುಂದ ಆಡಲಿಲ್ಲ.

ಆ ದಿನಕ್ಕ ಬರತೀನಿ. ಮೂರು ದಿನದಿಂದ ಅತ್ತಿಯವರು ಮಂಪರಿನಾಗ ಇದ್ರು, ಮಾತಿಲ್ಲ. ಅವತ್ತು ಮುಂಜಾನೆ ಐಜದಿಂದ ಸುದ್ದಿ ಬಂತು: ಎಚ್ಚರ ಆಗ್ಯಾರ, ಮಗಳ್ನ ಕೇಳಾಕತ್ಯಾರ, ನಾಕಕ್ಕ ಹಚ್ಚತೀನಿ. ನಮ್ಮನ್ಯಾಕಿ ನನ್ನ ಕೈಲೇ ತಲಿ ಹಿಕ್ಕಿಸಿಕೊಂಡು ಹೊಸ ಕುಂಕುಮ ಹಚ್ಚಿಗೊಂಡು ಕಾಯಾಕ ಹತ್ತಿದ್ಲು.

ಎರಡು ಗಂಟೆಕ್ಕ ನಾನು ಫೋನಿನಾಗ ಡಬ್ಬಿಗಳ ಆ್ಯಪ್ ತೆಗೆದೆ. ಹೊಸಾ ಫರ್ಮ್‌ವೇರ್, ಅಂದ್ರ ಡಬ್ಬಿ ನಡಸೋ ಸಾಫ್ಟ್‌ವೇರ್, ಬಂದೈತಿ, ಹಾಕ್ಕೋರಿ, ಕನೆಕ್ಷನ್ ಸುಧಾರಸತೈತಿ ಅಂತಿತ್ತು. ಹಿಂದಿನ ವಾರೆಲ್ಲಾ ಚಿತ್ರ ಒಡಕೊಂಡು ಒಡಕೊಂಡು ಬರತಿತ್ತು. ಇವತ್ತರೆ ಅವ್ವನ ಮುಖ ಸ್ವಚ್ಛ ಕಾಣಲಿ ಅಂತ ಒತ್ತಿದೆ. ಸುಮ್ಮನಿರಲಾರದ ಇರುವಿ ಬಿಟಗೊಂಡ ಅಂತಾರಲ್ಲ, ಆ ಜಾತಿ ನಾನು.

ಪಡಸಾಲಿ ಡಬ್ಬಿ ಕೆಂಪಾತು, ಆಮ್ಯಾಲ ಬೆಳ್ಳಗಾತು. ಉಳಿದ ಎರಡೂ ಕಿತ್ತಳೆ ಬಣ್ಣದಾಗ ಪಿಳಿಪಿಳಿ ಅನ್ನಾಕ ಹತ್ತಿದ್ವು. ವೈರ್ ಕಿತ್ತಿ ಮೂವತ್ತರ ತನಕ ಎಣಿಸಿ ಮತ್ತ ಹಾಕಿದೆ. ಇಲ್ಲ. ಹೆಂಡತಿ ಸೀರಿ ಪಿನ್ನು ತಗೊಂಡು ಹಿಂದಿನ ತೂತಿನಾಗ ಒತ್ತಿ ರೀಸೆಟ್ ಮಾಡಿದೆ. ಇಲ್ಲ. ಒಂದು ತಾಸು ಬೆವರಿಳಿಸಿದ ಮ್ಯಾಲ ತಿಳೀತು. ಮೊದಲನೇ ಡಬ್ಬಿಗಷ್ಟ ಹೊಸದು ಕೂತಿತ್ತು, ಉಳಿದವು ಹಳೇದರಾಗ ಇದ್ವು. ಒಂದು ತೆಲುಗು, ಎರಡು ಕನ್ನಡ ಇದ್ದಂಗ, ಒಬ್ಬರ ಮಾತು ಒಬ್ಬರಿಗೆ ತಿಳಿವಲ್ದು. ಒಂದೊಂದನ್ನ ಪಡಸಾಲಿಗೆ ತಂದು ಕೇಬಲ್‌ಲೆ ಮೊದಲನೇದಕ್ಕ ಕಟ್ಟಿ ಹೊಸದು ಹಾಕಬೇಕಿತ್ತು.

ನಡುಮನಿದು ಆತು, ಲೈಟು ಬೆಳ್ಳಗಾತು. ಮೂರನೇದಕ್ಕ ಒತ್ತಿದಾಗ ಮೂರೂಮುಕ್ಕಾಲು. ಫೋನಿನಾಗ ಸಣ್ಣ ಅಕ್ಷರದಾಗ ಒಂದು ಸಾಲು ಬಂತು: ಮುಗಿದ ಮ್ಯಾಲ ಎಲ್ಲಾ ಡಬ್ಬಿ ಒಮ್ಮೆ ತಾವೇ ಬಂದಾಗಿ ಚಾಲೂ ಆಗತಾವ. ಓದಿದೆ. ಓದಿ ಬಿಟ್ಟೆ.

ಒಳಗಿನಿಂದ ಆಕಿ ಕರೆದ್ಲು. ‘ರೀ, ಸಾಕು ಬಿಡ್ರಿ ಅದನ್ನ. ಓಣ್ಯಾಗ ನಾಕು ಮಂದಿ ಕರೀರಿ, ಮಂಚ ಎತ್ತಿ ಅಂಗಳಕ್ಕ ಇಡಲಿ. ಅಲ್ಲಿ ಸಿಗ್ನಲ್ ಬರತೈತಿ.’

ಎಷ್ಟು ಸರಳ ಮಾತು. ಮೂಲಿ ಪಾನ್ ಅಂಗಡಿ ಮುಂದ ಮಂದಿ ಕೂತ ಇದ್ರು. ಒಂದು ಕೂಗು ಹಾಕಿದ್ರ ಬರತಿದ್ರು. ಆದ್ರ ಮಾಸ್ತರ ಮನಿ ವೈಫೈ ಕೆಟ್ಟೈತಿ, ಕೆಡಿಸಿದಾವ ಮಾಸ್ತರನ ಅಂತ ಅವರಿಗೆ ಹೇಳಬೇಕಾಗತಿತ್ತು. ‘ಹತ್ತು ನಿಮಿಷ ಸುಮ್ನಿರು, ಇದೇನು ಮಹಾ’ ಅಂದೆ.

ಅಷ್ಟರಾಗ ಹೊತ್ತಿಗಿಂತ ಮುಂಚೆ ಆಕಿ ಫೋನು ಒಮ್ಮೆ ಗುಣುಗಿ ನಿಂತಿತು, ನಡುಮನಿ ಡಬ್ಬಿ ಸಿಗ್ನಲ್ ಅಲ್ಲೀತನಕ ಸಾಲಲಿಲ್ಲ. ನಾನು ನಡುಮನಿ ಡಬ್ಬಿ ಕಿತ್ತಕೊಂಡು ಉದ್ದನ ವೈರಿನ ಬೋರ್ಡಿಗೆ ಹಾಕಿ ಒಳಗಿನ ಖೋಲಿ ಬಾಗಲಾಗ ಸ್ಟೂಲ್ ಮ್ಯಾಲ ಹತ್ತಿ ಅದನ್ನ ತಲಿ ಮ್ಯಾಲ ಎತ್ತಿ ಹಿಡಿದು ನಿಂತೆ. ಡಬ್ಬಿ ಚಾಲೂ ಆಗಿ ಸಿಗ್ನಲ್ ಬಂತು, ಫೋನೂ ಮತ್ತ ಬಂತು. ಮಂಚದ ಮ್ಯಾಲಿಂದ ‘ಅಮ್ಮಾ’ ಅಂದ್ಲು ಆಕಿ. ಫೋನಿನಾಗ ಅತ್ತಿಯವರ ಮುಖ, ದಿಂಬಿನಾಗ ಇಷ್ಟೇ ಇಷ್ಟು. ಭಾಳ ಹೊತ್ತು ನೋಡಿದ್ರು. ತುಟಿ ಅಲ್ಲಾಡಿದ್ವು. ‘ಪಾಪ’ ಅಂದ್ರು.

ನನ್ನ ಕೈಯಾಗಿನ ಡಬ್ಬಿ ಲೈಟು ಆರಿತು. ಮೂರನೇದರ ಕೆಲಸ ಮುಗಿದು, ಹೇಳಿದಂಗ ಮೂರೂ ಒಮ್ಮೆಲೆ ಬಂದಾಗಿದ್ವು. ಚಿತ್ರದಾಗ ಅತ್ತಿಯವರು ಬಾಯಿ ಅರ್ಧ ತೆರೆದು ಹಂಗ ನಿಂತಿದ್ರು. ‘ಅಮ್ಮಾ, ಹೇಳಮ್ಮಾ’ ಅಂತ ಆಕಿ ಆ ನಿಂತ ಚಿತ್ರಕ್ಕ ಹೇಳಾಕತ್ತಿದ್ಲು. ನಾನು ಫೋನು ಕಸಕೊಂಡು ಅಂಗಳಕ್ಕ ಓಡಿದೆ, ಹಚ್ಚಿದೆ, ಹಚ್ಚಿದೆ. ಯಾರೂ ಎತ್ತಲಿಲ್ಲ. ಎತ್ತಿದಾಗ ಅಳು ಕೇಳಿಸ್ತು.

ಆಮ್ಯಾಲ ಕೂಗಿದೆ ನೋಡ್ರಿ ಪಾನ್ ಅಂಗಡಿ ಕಡೆ. ನಾಕು ಮಂದಿ ಬಂದ್ರು, ಮಂಚ ಎತ್ತಿ ಅಂಗಳಕ್ಕ ತಂದ್ರು, ಆಕಿ ತಮ್ಮನ ಕೂಡ ಮಾತಾಡಿ ಅತ್ಲು. ಮಂಚ ಹೊರಗ ಬರಾಕ ಎರಡು ನಿಮಿಷ ಹಿಡೀಲಿಲ್ಲ. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು. ನಾನು ಒಳಗ ಹೋಗಿ ನೋಡಿದ್ರ ಮೂರೂ ಡಬ್ಬಿ ಬೆಳ್ಳಗ ಉರೀತಿದ್ವು, ಒಂದು ಕೊರತಿ ಇಲ್ಲ. ಕಿತ್ತಿ ಒಗೀಬೇಕು ಅನಿಸ್ತು. ಒಗೀಲಿಲ್ಲ.

ಆಕಿ ನನಗ ಒಂದು ಮಾತು ಬೈಲಿಲ್ಲ. ಬೈದಿದ್ರ ಬೇಷಿತ್ತು. ಮೂರನೇ ದಿನಕ್ಕ, ‘ನನ್ನ ಪಾಪ ಅಂದು ಹೋದ್ಲು ರೀ. ಸಣ್ಣಾಕಿ ಇದ್ದಾಗ ಕರೀತಿದ್ದಂಗ ಕರೆದ್ಲು. ಅಷ್ಟು ಕೇಳೇನಿ, ಸಾಕು’ ಅಂದ್ಲು. ಅದನ್ನ ಹಿಡಕೊಂಡು ಊಟಕ್ಕ ಕೂತ್ಲು.

ಹನ್ನೊಂದನೇ ದಿನಕ್ಕ ಐಜಕ್ಕ ನಾನೊಬ್ಬನ ಹೋದೆ, ಆಕಿ ಇನ್ನೂ ಮಂಚದ ಮ್ಯಾಲಿದ್ಲು. ಊಟ ಆದ ಮ್ಯಾಲ ಹಿತ್ತಲದಾಗ ಕೈ ತೊಳಕೊಳ್ಳಾಗ ಹೆಂಡತಿ ತಮ್ಮನ ಹೆಂಡತಿ ನೀರು ಹಾಕ್ತಾ ನಿಂತ್ಲು. ಅವತ್ತು ಅತ್ತಿಯವರ ಮಾರಿ ಮುಂದ ಫೋನು ಹಿಡಿದಾಕಿ ಆಕಿನ. ತೆಲುಗಿನ್ಯಾಗ ಹೇಳಿದ್ಲು. ‘ಅಣ್ಣಾ, ನಿಮಗ ಅವರ ಮಾತು ಪೂರಾ ಕೇಳಿಸ್ತೋ ಇಲ್ಲೋ. ಅವತ್ತು ಅತ್ತಿಯವರು ಕನ್ನಡದಾಗ ಮಾತಾಡಿದ್ರು. ಮನ್ಯಾಗ ನಾನು ಅವರ ಬಾಯಾಗ ಕನ್ನಡ ಕೇಳಿದ್ದು ಅದೇ ಮೊದಲು.’

‘ಏನಂದ್ರವ್ವ?’ ಅಂದೆ.

‘ನೀವು ಹಿಂದ ಸ್ಟೂಲ್ ಮ್ಯಾಲ ಡಬ್ಬಿ ಎತ್ತಿ ಹಿಡಿದು ನಿಂತದ್ದು ಕಾಣತಿತ್ತು. ನಿಮ್ಮನ್ನ ನೋಡ್ಕೋತ ಅಂದ್ರು.’ ಆಮ್ಯಾಲ ಆ ಮಾತು ಹೆಂಗಿತ್ತೋ ಹಂಗ, ತಡದು ತಡದು ಕನ್ನಡದಾಗ ಹೇಳಿದ್ಲು. ‘ಪಾಪ, ಅಳಿಯಂದ್ರಿಗೆ ಇಳೀರಿ ಅನ್ನು. ಕೈ ಸೋತಿರ್ತಾವ.’

ತಂಬಿಗಿ ನೀರು ಕೈ ಮ್ಯಾಲ ಬೀಳತಾನ ಇತ್ತು. ಅದು ಕನ್ನಡದ ಪಾಪ. ನನಗ ಅಳು ತಡೀಲಿಲ್ಲ. ಮೂವತ್ತನಾಕು ವರ್ಷ ಕಾದ ಮಾತು ಬಂದಿತ್ತು, ಅದನ್ನ ನಾನ ಬಂದ್ ಮಾಡಿದ್ದೆ. ‘ಈ ಮಾತು ನಮ್ಮನ್ಯಾಕಿ ಮುಂದ ಆಡಬ್ಯಾಡವ್ವ, ಎಂದಿಗೂ’ ಅಂತ ಕೈ ಮುಗದೆ. ಆಕಿ ತಲಿ ಆಡಿಸಿದ್ಲು.

ಈಗ ನಮ್ಮನ್ಯಾಕಿ ಕೋಲು ಹಿಡಕೊಂಡು ಅಂಗಳದ ತನಕ ನಡೀತಾಳ. ನಾಕು ಗಂಟೆ ಆದ್ರ ಫೋನು ಬಾಜೂಕಿಟ್ಟಕೊಂಡು ಸುಮ್ಮನ ಕೂಡತಾಳ. ಮೊನ್ನೆ ಆ್ಯಪ್‌ನಾಗ ಮತ್ತ ಹೊಸದೇನೋ ಬಂದೈತಿ ಅಂತ ಕಾಣಿಸ್ತು. ಮುಟ್ಟಲಿಲ್ಲ. ಆಕಿ ನನ್ನ ಮಾರಿ ನೋಡಿ ಕೇಳಿದ್ಲು.

‘ರೀ, ನೀವೂ ಬಾಗಲಾಗ ನಿಂತಿದ್ರಿ. ಅವ್ವ ಪಾಪ ಅಂದದ್ದು ನನಗ ಹೌದಲ್ಲ?’

‘ನಿನಗ,’ ಅಂದೆ. ‘ಮತ್ಯಾರಿಗೆ ಅಂತಾರ.’