ಕಾಗದದಕ್ಕನ ಮಣಿಕಟ್ಟು

ಸೆಂಟಿನಂಗಡಿಯ ಮಹಡಿಯ ಮೇಲೆ ಕೆಲಸಕ್ಕಿದ್ದ ಆ ಹೆಂಗಸನ್ನು ಎಲ್ಲರೂ ಕಾಗದದಕ್ಕ ಎಂದೇ ಕರೆಯುತ್ತಿದ್ದರು. ಆಕೆ ಕಾಗದ ಮಾರುವವಳಲ್ಲ, ಓದುಬರಹದ ಕೆಲಸವೂ ಆಕೆಯದಲ್ಲ. ಬೆಳಿಗ್ಗೆ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ತೋಳಿನ ಬಟ್ಟೆ ಮೇಲೆ ಸರಿಸಿ ಕೈ ಮುಂದೆ ಚಾಚುವುದು ಆಕೆಯ ಕೆಲಸ. ಕೈ ಚಾಚಿ ಬದುಕೋಳು ನಾನು ಎಂದು ಆಕೆಯೇ ತಮಾಷೆ ಮಾಡಿಕೊಳ್ಳುತ್ತಿದ್ದಳು, ಬೇರೆಯವರು ಮಾಡುವ ಮೊದಲು.

ಆ ಮಹಡಿಯಲ್ಲಿ ಸೆಂಟು ಬೆರೆಸುವವರಿಗೆ ಮೇಷ್ಟ್ರು ಎಂದು ಹೆಸರು. ಎಪ್ಪತ್ತರ ಹತ್ತಿರದ, ಉದ್ದ ಮೂಗಿನ, ಮಾತು ಕಡಿಮೆಯ ಮನುಷ್ಯ. ಹೊಸದಾಗಿ ಬೆರೆಸಿದ್ದನ್ನು ಅವರು ಮೊದಲು ಕಾಗದದ ಪಟ್ಟಿಯ ಮೇಲೆ ಹಾಕಿ ಮೂಸುತ್ತಿದ್ದರು. ಆದರೆ ಕಾಗದಕ್ಕೆ ಬೆವರಿಲ್ಲ, ಜ್ವರವಿಲ್ಲ, ಸಿಟ್ಟಿಲ್ಲ. ಸೆಂಟು ಕೊಳ್ಳುವವರಿಗೆ ಇವೆಲ್ಲ ಇರುತ್ತವೆ. ಅದಕ್ಕೇ ಒಬ್ಬ ಬೇಕರಿಯವನು, ಒಬ್ಬ ದರ್ಜಿ ಹೆಂಗಸು, ಈಜುಕೊಳ ಕಾಯುವವನೊಬ್ಬ, ಕಾಗದದಕ್ಕ, ಹೀಗೆ ನಾಲ್ಕು ಜನರನ್ನು ಗೊತ್ತು ಮಾಡಿಕೊಂಡು, ಅವರ ಮಣಿಕಟ್ಟಿಗೆ ಹಚ್ಚಿ ನೋಡಿದ ಮೇಲೆಯೇ ಜಾಡಿಯಿಂದ ಸೀಸೆಗೆ ತುಂಬಿಸುತ್ತಿದ್ದರು.

ಅಂಗಡಿಯ ಹೆಸರು ಉಳಿದಿದ್ದದ್ದು ಜೇನು ಮತ್ತು ರಕ್ತಬೋಳದ ಸೆಂಟಿನಿಂದ. ರಕ್ತಬೋಳವೆಂದರೆ ಒಂದು ಮುಳ್ಳುಗಿಡದ ಅಂಟು. ಕಹಿ, ಹೊಗೆ, ಹಳೆಯ ಮರದ ಪೆಟ್ಟಿಗೆ ಎಲ್ಲ ಸೇರಿದ ಗಂಭೀರ ವಾಸನೆ ಅದರದು. ಜೇನು ಹಾಗಲ್ಲ, ಕಂಡವರ ಮೈಮೇಲೆ ಬೀಳುವ ಸ್ವಭಾವ. ಇವೆರಡನ್ನೂ ಒಂದೇ ಸೀಸೆಯಲ್ಲಿ ಸಂಸಾರ ಮಾಡಿಸುವುದೇ ಕಷ್ಟ; ಮಾಡಿಸಿದರೂ ಹಚ್ಚಿಕೊಂಡವರ ಚರ್ಮ ನಡುವೆ ಬಾಯಿ ಹಾಕುತ್ತದೆ. ಬೇಕರಿಯವನ ಕೈಗೆ ಹಚ್ಚಿದರೆ ಜೇನು ಉಬ್ಬಿಹೋಗಿ ತಳ ಹಿಡಿದ ಸಕ್ಕರೆ ಪಾಕದ ಹಾಗೆ ಮೂಗಿಗೆ ಅಡರುತ್ತಿತ್ತು, ರಕ್ತಬೋಳ ತುಟಿಪಿಟಕ್ಕೆನ್ನುತ್ತಿರಲಿಲ್ಲ. ದರ್ಜಿಯಾಕೆಯ ಕೈಮೇಲೆ ಜೇನು ನಿಂತ ಕಾಲಲ್ಲೇ ಹೊರಟುಹೋಗಿ, ರಕ್ತಬೋಳ ಮಾತ್ರ ಹೇಳದೆ ಬಂದ ಬೀಗರಂತೆ ಸಂಜೆಯವರೆಗೂ ಕೂತಿರುತ್ತಿತ್ತು. ಈಜುಕೊಳ ಕಾಯುವವನ ಮೇಲಂತೂ ಎರಡೂ ಸೇರಿ ರಬ್ಬರ್ ಚೆಂಡಿನ ವಾಸನೆ. ಅವನನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಅಂಗಡಿಯ ಯಜಮಾನರು ಕೇಳಿದರೆ, “ಅಂಥವರೂ ಕೊಳ್ತಾರಲ್ಲ ಸಾರ್” ಅನ್ನುತ್ತಿದ್ದರು ಮೇಷ್ಟ್ರು.

ಕಾಗದದಕ್ಕನ ಮಣಿಕಟ್ಟಿನ ಮೇಲೆ ಮಾತ್ರ ಸೆಂಟು ಬೆರೆಸಿದವರು ನೆನೆಸಿದ ಹಾಗೇ ಬರುತ್ತಿತ್ತು. ಮೊದಲು ಜೇನು, ಬಿಸಿಲೇರಿದಂತೆ ರಕ್ತಬೋಳ, ಆಮೇಲೆ ಎರಡೂ ಜೊತೆಯಾಗಿ ಸದ್ದಿಲ್ಲದೆ ಹೊರಟುಹೋಗುವುದು. ಚರ್ಮ ತನ್ನದೇನನ್ನೂ ಸೇರಿಸುತ್ತಿರಲಿಲ್ಲ. “ಇವರ ಕೈ ಥೇಟ್ ಕಾಗದ ಇದ್ದ ಹಾಗೆ” ಎಂದು ಬೇಕರಿಯವನು ಅಂದದ್ದೇ ಹೆಸರಾಗಿ ಅಂಟಿಕೊಂಡಿತು. ಹೊಗಳಿಕೆಯೇ, ಅನುಮಾನವಿಲ್ಲ. ಆದರೆ ಕಾಗದದಂಥವಳು ಎಂದು ಹೊಗಳಿಸಿಕೊಂಡು ಯಾವ ಹೆಣ್ಣು ಉಬ್ಬಿಯಾಳು ಹೇಳಿ.

ಕೆಲಸಕ್ಕೆ ಸೇರಿದಂದಿನಿಂದ ಆಕೆ ಬೆಳ್ಳುಳ್ಳಿ ಮುಟ್ಟಲಿಲ್ಲ, ಈರುಳ್ಳಿ ಮುಟ್ಟಲಿಲ್ಲ. ಘಮದ ಸೋಪು, ತಲೆಗೆ ಎಣ್ಣೆ, ಮುಡಿಗೆ ಹೂವು ಯಾವುದೂ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಲೋಕದಲ್ಲಿ ಆಕೆಯದು ತಿರುಗುಮುರುಗು. ಹೊಟ್ಟೆಗೇನೋ ಇತ್ತು, ಜುಟ್ಟಿಗೆ ಏನೂ ಇಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ. ಅಪ್ಪ ಹಾಸಿಗೆ ಹಿಡಿದು ಮಲಗಿದ್ದಷ್ಟು ಕಾಲ ಅಪ್ಪನ ಚಾಕರಿಯಲ್ಲೇ ಮದುವೆಯ ವಯಸ್ಸು ಕಳೆದಿತ್ತು. ಅಪ್ಪ ಹೋದ ಮೇಲೆ ಕೋಣೆಯಲ್ಲಿ ಮಾತೂ ಹೋಯಿತು. ಬೇರೆ ಬಡಾವಣೆಯಲ್ಲಿ ಸಂಸಾರ ಹೂಡಿದ್ದ ತಂಗಿ ಆಗಾಗ ಬಂದು, ಬಾಗಿಲಲ್ಲೇ ಚಪ್ಪಲಿ ಬಿಡುವ ಮೊದಲು ಹೊರಡುವ ಮಾತಾಡುತ್ತಿದ್ದಳು.

ಒಂಟಿತನ ಅಂದರೆ ಮಾತಿಗೆ ಜನ ಇಲ್ಲದಿರುವುದು ಎಂದು ತಿಳಿದವರು ತಿಳಿದುಕೊಳ್ಳಲಿ. ಮಾತಿಗೆ ಬೀದಿಯಲ್ಲಿ ಎಷ್ಟು ಬೇಕಾದರೂ ಜನ ಸಿಗುತ್ತಾರೆ. ಕಾಗದದಕ್ಕನಿಗೆ ಇಲ್ಲದಿದ್ದದ್ದು ಮುಟ್ಟುವವರು. ಬಸ್ಸಿನ ಕಂಡಕ್ಟರು ಚಿಲ್ಲರೆಯನ್ನು ಅಂಗೈ ಮೇಲೆ ಎತ್ತರದಿಂದ ಉದುರಿಸುತ್ತಿದ್ದ. ತಂಗಿಯ ಮಕ್ಕಳು ದೊಡ್ಡವರಾಗಿ ಮಡಿಲು ಬಿಟ್ಟಿದ್ದರು. ಹೀಗಿರುವಾಗ ದಿನವೂ ಬೆಳಿಗ್ಗೆ ಒಬ್ಬ ಮನುಷ್ಯ ಆಕೆಯ ಕೈಯನ್ನು ತನ್ನ ಎಡಗೈಯಲ್ಲಿ ಎತ್ತಿಕೊಂಡು, ಗಾಜಿನ ಕಡ್ಡಿಯಿಂದ ಒಂದು ಹನಿ ಹಚ್ಚಿ, ಆರುವವರೆಗೂ ಹಿಡಿದುಕೊಂಡೇ ಇದ್ದು, ಕಣ್ಣು ಮುಚ್ಚಿ ಮೂಗಿನ ಹತ್ತಿರ ಒಯ್ಯುತ್ತಿದ್ದ. ಬಿಸಿಲೇರಿದ ಮೇಲೆ ಇನ್ನೊಮ್ಮೆ, ಮನೆಗೆ ಹೊರಡುವ ಮುಂಚೆ ಮತ್ತೊಮ್ಮೆ. ಮೇಷ್ಟ್ರ ಬೆರಳು ಒರಟು, ಯಾವಾಗಲೂ ಸ್ವಲ್ಪ ಬೆಚ್ಚಗೆ. ಇದಕ್ಕೆ ಪ್ರೀತಿ ಗೀತಿ ಎಂದು ಹೆಸರಿಡಲು ಹೋಗಬೇಡಿ, ಆಕೆಯೂ ಇಟ್ಟಿರಲಿಲ್ಲ. ಆದರೆ ಭಾನುವಾರ ಬಂತೆಂದರೆ ಆಕೆಗೆ ಬೇಸರವಾಗುತ್ತಿತ್ತು, ಯಾಕೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಹೆದರಿಕೆಯೂ ಇತ್ತು. ಹಿಂದೆ ಒಬ್ಬ ಅಂಚೆಯವನು ಇದೇ ಕೆಲಸಕ್ಕೆ ಬರುತ್ತಿದ್ದ. ಸಕ್ಕರೆ ಕಾಯಿಲೆಗೆ ಮಾತ್ರೆ ಶುರುವಾದ ಮೇಲೆ ಅವನ ಚರ್ಮದ ಗುಣವೇ ಬದಲಾಯಿತು. ಮೇಷ್ಟ್ರು ಅವನಿಗೆ ಕಾಫಿ ಕೊಡಿಸಿ, ಬೆನ್ನು ತಟ್ಟಿ, ಸಾಕು ಎಂದು ಕಳಿಸಿಕೊಟ್ಟರು. ಅವನು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಐವತ್ತರ ಹೊಸ್ತಿಲಲ್ಲಿ ಆಕೆಗೆ ಮುಟ್ಟು ನಿಂತಿತು. ಕೂತಲ್ಲೇ ಮೈ ಕಾದು ಬೆವರುವುದು ಶುರುವಾಯಿತು. ತಂಗಿ ಬಂದವಳು, “ಇನ್ನು ಮೈ ವಾಸನೇನೇ ಬೇರೆ ಆಗುತ್ತೆ ಕಣಕ್ಕ, ನಮ್ಮ ಅತ್ತೆಗೂ ಹಾಗೇ ಆಗಿತ್ತು” ಎಂದು ಹೇಳಿ, ಬೆಂಕಿ ಹಚ್ಚಿದ್ದು ಗೊತ್ತಿಲ್ಲದೆ ಬಸ್ಸು ಹತ್ತಿ ಹೋದಳು.

ಅದೇ ವಾರ ಜೇನು ರಕ್ತಬೋಳದ ಹೊಸ ಜಾಡಿ ತಯಾರಾಯಿತು. ಹೊಸ ಜಾಡಿ ಎಂದರೆ ನಾಲ್ವರಿಗೂ ಒಂದೊಂದು ಪುಟ್ಟ ಸೀಸೆ ಮನೆಗೆ ಕೊಟ್ಟು, ಸಂಜೆ ಹಚ್ಚಿಕೊಂಡು ನೋಡಿ ಎನ್ನುವುದು ವಾಡಿಕೆ. ಆಕೆ ಕೋಣೆಯಲ್ಲಿ ಕೂತು ಹಚ್ಚಿಕೊಂಡಳು. ಜೇನು ಬಂತು. ರಕ್ತಬೋಳ ಬರುವ ಹೊತ್ತಿಗೆ ಅದರ ಹಿಂದೆಯೇ ಒಡೆದ ಹಾಲಿನ ಹುಳಿ ಬಂತು. ತೊಳೆದು ಮತ್ತೆ ಹಚ್ಚಿದಳು, ಮತ್ತೆ ಹುಳಿ. ತಂಗಿ ಹೇಳಿದ್ದು ನಿಜವಾಯಿತು, ನನ್ನ ಮೈ ಕೆಟ್ಟಿತು, ನನಗೂ ಕಾಫಿ ಕೊಡಿಸಿ ಕಳಿಸುತ್ತಾರೆ ಅಂದುಕೊಂಡಳು. ಸೆಂಟೇ ಕೆಟ್ಟಿರಬಹುದು ಎನ್ನುವುದು ಆಕೆಯ ತಲೆಗೆ ಹೊಳೆಯಲೇ ಇಲ್ಲ. ಮೇಷ್ಟ್ರು ಬೆರೆಸಿದ್ದು ಕೆಡುವುದುಂಟೇ? ಕೆಡುವುದಿದ್ದರೆ ನಾವೇ ಕೆಡಬೇಕು ಎಂದು ನಂಬಿ ಬೆಳೆದ ಹೆಣ್ಣುಮಗಳು.

ತುಟಿ ಒಡೆದಾಗ ಹಚ್ಚುವ, ವಾಸನೆಯೇ ಇಲ್ಲದ ಒಂದು ಮುಲಾಮು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಮಣಿಕಟ್ಟಿಗೆ ತಿಕ್ಕಿ, ಮಿನುಗದಂತೆ ಬಟ್ಟೆಯಲ್ಲಿ ಒರೆಸಿ, ಮೇಲೆ ಸೆಂಟು ಹಚ್ಚಿ ನೋಡಿದಳು. ಸೆಂಟು ಚರ್ಮಕ್ಕೆ ಇಳಿಯಲಿಲ್ಲ. ಜೇನು ಜೇನಾಗಿಯೇ ನಿಂತಿತು, ರಕ್ತಬೋಳವೂ ಎಂದಿನಂತೆ ಬಂತು, ಹುಳಿ ಏಳಲಿಲ್ಲ. ಬೆಳಿಗ್ಗೆ ಹಾಗೇ ಹೋಗಿ ಕೂತಳು.

ಮೇಷ್ಟ್ರು ಅವತ್ತು ಉಳಿದ ಮೂವರ ಕೈ ಮೂಸಿ ಹುಬ್ಬು ಗಂಟಿಕ್ಕಿಕೊಂಡೇ ಇದ್ದರು. “ಹುಳಿ ಹುಳಿ ಇದೆ” ಎಂದು ದರ್ಜಿಯಾಕೆ ಅಂದಿದ್ದಳು. ಆದರೆ ಆಕೆ ಅಂದಿನ ಹವೆಗೂ, ಕಾಫಿಗೂ, ಗಂಡನಿಗೂ ಅದನ್ನೇ ಅನ್ನುವವಳು. ಕೊನೆಗೆ ಕಾಗದದಕ್ಕನ ಕೈ ಎತ್ತಿಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿದ್ದರು. ಆಮೇಲೆ ಹುಬ್ಬು ಸಡಿಲವಾಯಿತು. “ಸರಿ, ತುಂಬಿಸೋಣ” ಅಂದರು. ಆಕೆ ತೋಳಿನ ಬಟ್ಟೆ ಕೆಳಗೆಳೆದುಕೊಂಡಳು.

ಅಲ್ಲಿಂದ ಮುಂದೆ ಮುಲಾಮು ದಿನದ ಪಾಡಾಯಿತು. ಮೇಷ್ಟ್ರು ಮೊದಲಿನಂತೆಯೇ ಕೈ ಹಿಡಿಯುತ್ತಿದ್ದರು, ಆದರೆ ಅವರು ಮೂಸುತ್ತಿರುವುದು ತನ್ನನ್ನಲ್ಲ, ಔಷಧಿ ಅಂಗಡಿಯ ಡಬ್ಬಿಯನ್ನು ಎಂದು ನೆನಪಾಗಿ ಆಕೆಗೆ ಹುಳ್ಳಗಾಗುತ್ತಿತ್ತು. ಕದ್ದು ತಂದದ್ದನ್ನು ಉಣ್ಣುವವರಿಗೆ ರುಚಿ ಹತ್ತುವುದಿಲ್ಲ. ಆದರೂ ಹಸಿವು ಬಿಡಬೇಕಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸೀಸೆಗಳು ವಾಪಸು ಬರತೊಡಗಿದವು. ಹಚ್ಚಿಕೊಂಡು ಮದುವೆಗೆ ಹೋದವರು, ಸಭೆಗೆ ಹೋದವರು ಎಲ್ಲರದೂ ಒಂದೇ ದೂರು: ಸ್ವಲ್ಪ ಹೊತ್ತಾದ ಮೇಲೆ ಹಾಲು ಒಡೆದ ವಾಸನೆ. ಅಂಗಡಿಯ ಯಜಮಾನರು ಮಹಡಿ ಹತ್ತಿ ಬಂದು, ಮೇಷ್ಟ್ರ ಮುಂದೆ ಸೀಸೆಗಳನ್ನು ಸಾಲಾಗಿ ಇಟ್ಟು, ಏನೂ ಅನ್ನದೆ ಇಳಿದುಹೋದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮಾರನೆಯ ದಿನ ಮೇಷ್ಟ್ರು ಗಾಜಿನ ಕಡ್ಡಿ ಮುಟ್ಟಲಿಲ್ಲ. ಆಕೆಯ ಎದುರು ಕೂತು ಕೈಯನ್ನು ಸುಮ್ಮನೆ ಹಿಡಿದುಕೊಂಡು ಹೇಳಿದರು:

“ಆ ಜೇನಿನ ಮೇಲೆ ನನಗೆ ಮೊದಲೇ ಅನುಮಾನ ಇತ್ತಮ್ಮ. ಹೊಸಬರ ಹತ್ತಿರ ತರಿಸಿದ್ದು. ಮೂವರ ಕೈಮೇಲೂ ಒಂಥರಾ ಇತ್ತು. ನಿಮ್ಮ ಕೈಮೇಲೆ ಮಾತ್ರ ಸರಿಯಾಗಿತ್ತು. ನಿಮ್ಮ ಕೈ ಸುಳ್ಳು ಹೇಳಲ್ಲ. ಅಂದ್ಮೇಲೆ ಕೆಟ್ಟಿರೋದು ನನ್ನ ಮೂಗು.”

“ಹಾಗನ್ನಬೇಡಿ ಮೇಷ್ಟ್ರೇ.”

“ಮೂಗು ಹೋದ ಮೇಲೆ ಇಲ್ಲಿ ನನಗೇನು ಕೆಲಸ? ಯಜಮಾನರಿಗೆ ಇವತ್ತೇ ಹೇಳ್ತೀನಿ, ಬಿಡ್ತೀನಿ ಅಂತ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆಕೆಯ ಇನ್ನೊಂದು ಕೈ ತಾನಾಗಿ ಮಣಿಕಟ್ಟಿನ ಮೇಲೆ ಹೋಯಿತು. ಸುಮ್ಮನಿದ್ದರೆ ಮೇಷ್ಟ್ರು ಹೋಗುತ್ತಾರೆ, ಹೇಳಿದರೆ ತಾನು ಹೋಗಬೇಕು. ಯಾವ ದಾರಿಯಲ್ಲೂ ತನ್ನನ್ನು ಹಿಡಿದಿರುವ ಈ ಕೈ ಇನ್ನು ಇಲ್ಲ. ಹಾಗಾದರೆ ಆ ಮನುಷ್ಯನ ಮೂಗಾದರೂ ಅವರಿಗೆ ಉಳಿಯಲಿ ಎನ್ನಿಸಿತು.

“ನಿಮ್ಮ ಮೂಗಿಗೆ ಏನೂ ಆಗಿಲ್ಲ. ನಾನು ಮುಲಾಮು ಹಚ್ಕೊಂಡು ಬರ್ತಿದ್ದೆ” ಅಂದಳು. ತಂಗಿಯ ಮಾತು, ಒಡೆದ ಹಾಲಿನ ಹುಳಿ, ತುಟಿಯ ಮುಲಾಮು, ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದಳು.

ಮೇಷ್ಟ್ರು ಆಕೆಯನ್ನು ನಲ್ಲಿಯ ಹತ್ತಿರ ಕಳಿಸಿ ಬಿಸಿನೀರು, ಘಮವಿಲ್ಲದ ಸೋಪಿನಲ್ಲಿ ಎರಡೂ ಕೈ ತೊಳೆಸಿದರು. ಒಂದು ಮಣಿಕಟ್ಟಿಗೆ ವಾಪಸು ಬಂದ ಸೀಸೆಯಿಂದ ಒಂದು ಹನಿ, ಇನ್ನೊಂದಕ್ಕೆ ಹಳೆಯ ಒಳ್ಳೆಯ ಜಾಡಿಯಿಂದ ಒಂದು ಹನಿ. ಆರಿದ ಮೇಲೆ ಇಬ್ಬರೂ ಕೂತು ಬಿಸಿಲೇರುವುದನ್ನು ಕಾದರು. ಮೇಷ್ಟ್ರು ಮೊದಲನೆಯದನ್ನು ಮೂಸಿದರು: ಹುಳಿ. ಎರಡನೆಯದನ್ನು ಮೂಸಿದರು: ಜೇನು, ರಕ್ತಬೋಳ, ಎಂದಿನಂತೆ.

“ನಿಮ್ಮ ಮೈಗೆ ಏನೂ ಆಗಿಲ್ಲ” ಅಂದರು. “ಜೇನು ಕೆಟ್ಟದ್ದನ್ನು ನೀವೇ ಮೊದಲು ಕಂಡುಹಿಡಿದದ್ದು. ನನ್ನ ಮೂಗೂ ಸರಿಯಾಗಿದೆ, ನಿಮ್ಮ ಕೈಯೂ ಸರಿಯಾಗಿದೆ.” ಹೇಳುತ್ತಾ ಹೇಳುತ್ತಾ ಮುದುಕರು ನಗತೊಡಗಿದರು. ಆಕೆಯ ಎರಡೂ ಕೈಗಳನ್ನು ತಮ್ಮ ಎರಡು ಕೈಗಳಲ್ಲಿ ಬಾಚಿ ಒತ್ತಿದರು. ಇಷ್ಟು ವರ್ಷದಲ್ಲಿ ಹಾಗೆ ಹಿಡಿದದ್ದೇ ಇಲ್ಲ. ಆಕೆಗೆ ಕಣ್ಣು ತುಂಬಿ ಬಂತು, ಸಂತೋಷವಾಯಿತು, ನಾಚಿಕೆಯೂ ಆಯಿತು.

“ಯಜಮಾನರಿಗೆ ನಾನು ಹೇಳ್ಕೊತೀನಿ, ಜೇನು ಕೆಟ್ಟಿತ್ತು, ನಾನು ನೋಡಿಕೊಳ್ಳಲಿಲ್ಲ ಅಂತ. ನೀವು ಚಿಂತೆ ಮಾಡಬೇಡಿ. ಆದ್ರೂ ಯಾಕಮ್ಮ ಹೀಗೆ ಮಾಡಿದ್ರಿ? ಸಂಬಳಕ್ಕೆ ಹೆದರಿಕೊಂಡ್ರಾ?”

ಹೌದು ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಅಷ್ಟು ದಿನ ಸುಳ್ಳು ಹಚ್ಚಿಕೊಂಡು ತಿರುಗಿ ಆಕೆಗೆ ಸಾಕಾಗಿತ್ತು.

“ಸಂಬಳಕ್ಕಲ್ಲ ಮೇಷ್ಟ್ರೇ. ನನ್ನನ್ನ ಮುಟ್ಟೋರು ಇನ್ಯಾರೂ ಇಲ್ಲ.”

ಮೇಷ್ಟ್ರು ನಗುವುದನ್ನು ನಿಲ್ಲಿಸಿದರು. ತಮ್ಮ ಕೈಯೊಳಗಿದ್ದ ಆಕೆಯ ಕೈಗಳನ್ನು ಆಗ ತಾನೇ ಕಂಡವರಂತೆ ನೋಡಿದರು. ಅವರು ಒಳ್ಳೆಯವರು, ಮರ್ಯಾದಸ್ಥರು, ಅದೇ ಕಷ್ಟ. ತುಂಬಿದ ಸೀಸೆಯನ್ನು ಇಡುವ ಹಾಗೆ ಮೆಲ್ಲಗೆ ಆ ಕೈಗಳನ್ನು ಮೇಜಿನ ಮೇಲೆ ಇಟ್ಟರು. “ನನಗೆ ಗೊತ್ತಿರಲಿಲ್ಲಮ್ಮ” ಅಂದರು. ಸೀಸೆಯ ಮುಚ್ಚಳ ಬಿಗಿಮಾಡಿ, “ಕೆಲಸ ಬಿಡಬೇಡಿ. ನಾಳೆ ಬನ್ನಿ” ಅಂದರು.

ಆಕೆ ಮಾರನೆಯ ದಿನ ಹೋದಳು. ಬಸ್ಸಿನಲ್ಲಿ ಕೂತು, ಇನ್ನು ಮುಚ್ಚಿಡುವುದು ಏನೂ ಇಲ್ಲ ಎಂದು ಹಗುರವಾಗಿದ್ದಳು. ತೊಳೆದ ಕೈ, ಬರೀ ಕೈ. ಬೇಕೆಂದೇ ಸ್ವಲ್ಪ ಬೇಗ ಹೋಗಿದ್ದಳು.

ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಪುಟ್ಟ ದಿಂಬು ಇತ್ತು. ಬಿಳಿ ಬಟ್ಟೆ, ಹೊಸ ಹತ್ತಿ. ದರ್ಜಿಯಾಕೆಯ ಹೊಲಿಗೆ ಎಂದು ನೋಡಿದ ತಕ್ಷಣ ತಿಳಿಯುತ್ತಿತ್ತು.

“ಕೈ ಇದರ ಮೇಲೆ ಇಡೀಮ್ಮ” ಅಂದರು ಮೇಷ್ಟ್ರು. “ನೋಯಲ್ಲ.”

ಆಕೆ ಇಟ್ಟಳು. ಅವರು ಗಾಜಿನ ಕಡ್ಡಿಯಿಂದ ಒಂದು ಹನಿ ಹಚ್ಚಿ, ಆರುವವರೆಗೂ ಕಿಟಕಿಯಾಚೆ ನೋಡುತ್ತಾ ನಿಂತರು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. ಉಸಿರು ಮಾತ್ರ ತಗುಲಿತು.

“ಸರಿಯಾಗಿದೆ” ಅಂದರು.