ಆರೈಕೆ ಅಳೆಯಲು ಹೋದವಳು

ತೊಂಬತ್ತರ ದಶಕದ ನಡುವಿನ ಮಾತು. ನರ್ಸಿಂಗ್ ಪದವಿಯ ಕೊನೇ ವರ್ಷದಲ್ಲಿದ್ದ ನನಗೆ ತಲೆ ತುಂಬ ಸಂಶೋಧನೆ. ದಾದಿಯರ ಆರೈಕೆ ಬಗ್ಗೆ ರೋಗಿಗಳಿಗೆ ಏನನ್ನಿಸುತ್ತದೆ ಅನ್ನುವುದು ವಿಷಯ. ಮೂವತ್ತು ಪ್ರಶ್ನೆಗಳ ಹಾಳೆ ಹಿಡಿದು, ಇಸ್ತ್ರಿ ಹಾಕಿದ ಬಿಳೀ ಕೋಟು ತೊಟ್ಟು, ಕಿರಂಗೂರಿನಿಂದ ಹೊರಟು ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ಕೆ.ಆರ್. ಪೇಟೆಯ ಒಂದು ಆಸ್ಪತ್ರೆಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಆ ಕೋಟನ್ನು ಮಡಚಿ ಬ್ಯಾಗಿಗೆ ಹಾಕಬಹುದಿತ್ತು. ಹಾಕುತ್ತಿರಲಿಲ್ಲ, ನಾಲ್ಕು ಜನ ನೋಡಬೇಕಲ್ಲ!

ಅವತ್ತು ಸಿಕ್ಕಿದ್ದು ಕಿಕ್ಕೇರಿ ಕಡೆಯ ಒಂದು ಅಜ್ಜಿ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿತ್ತು. ಸ್ಟೂಲು ಎಳೆದುಕೊಂಡು ಶುರು ಮಾಡಿದೆ. ಪಾಪ, ಅಜ್ಜಿಗೆ ಒಂದಕ್ಕೆ ಅವಸರವಾಗಿತ್ತು. ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತಿತ್ತು, ಬಾಗಿಲ ಕಡೆ ನೋಡುತ್ತಿತ್ತು. ಕಣ್ಣಿದ್ದವರಿಗೆ ಕಾಣುತ್ತಿತ್ತು. ನನ್ನ ಕಣ್ಣು ಹಾಳೆ ಮೇಲಿತ್ತು.

“ಆ ನರ್ಸಮ್ಮ ಎತ್ತಗೋದ್ರವ್ವ?” ಅಂತು.

“ಬರ್ತಾರೆ ಅಜ್ಜಿ. ಇದೊಂದು ಹೇಳ್ಬಿಡಿ, ಅವರು ನಿಮ್ಮ ಮಾತು ಗಮನ ಇಟ್ಟು ಕೇಳ್ತಾರಾ?”

“ಕೇಳ್ತಾರೆ ಕಣವ್ವ.”

‘ಯಾವಾಗಲೂ’ ಅನ್ನುವ ಕಡೆ ಟಿಕ್ ಹಾಕಿದೆ. ಅಜ್ಜಿ ಮತ್ತೆ ನರ್ಸಮ್ಮ ಎಲ್ಲಿ ಅಂತ ಕೇಳಿತು. ರೋಗಿಗೆ ದಾದಿಯ ಮೇಲೆ ತುಂಬ ಅಭಿಮಾನ ಅಂತ ಅಂಚಿನಲ್ಲಿ ಬರೆದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಬರೆಯುವವರ ನಡುವೆ ಬಾಯಿ ಹಾಕಬಾರದು ಅನ್ನುವುದು ನಮ್ಮ ಕಡೆಯ ಹಳೇ ಹೆಂಗಸರ ನೇಮ. ಗಣತಿಯವರು ಬಂದು ಕೂತರೆ ನಮ್ಮಜ್ಜಿ ಒಲೆ ಮೇಲೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಅದನ್ನು ನೋಡಿಕೊಂಡೇ ಬೆಳೆದವಳಿಗೆ, ಈ ಅಜ್ಜಿಯೂ ಅದಕ್ಕೇ ತಡೆದುಕೊಂಡಿದೆ ಅಂತ ಅವತ್ತು ಹೊಳೆಯಲೇ ಇಲ್ಲ.

ನೀವು ಹೇಳುವ ಮೊದಲೇ ದಾದಿಗೆ ನಿಮ್ಮ ಅಗತ್ಯ ತಿಳಿಯುತ್ತದೆಯೇ? ಇಪ್ಪತ್ತೆಂಟನೇ ಪ್ರಶ್ನೆ ಅದು. ಓದಿ ತಲೆಯೆತ್ತಿದೆ. ಅಜ್ಜಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅಳುತ್ತಿತ್ತು. ಹಾಸಿಗೆ ಒದ್ದೆಯಾಗಿತ್ತು.

“ನೀನು ಬರೀತಿದ್ದಲ್ಲವ್ವ, ನಡುವೆ ಹೇಳ್ಬಾರ್ದು ಅಂತ ತಡ್ಕಂಡಿದ್ದೆ. ಆಗ್ಲಿಲ್ಲ.”

ಮೂರು ವರ್ಷ ಓದಿದ್ದೆಲ್ಲ ಮರೆತು ಕಂಬದ ಹಾಗೆ ನಿಂತುಬಿಟ್ಟೆ. ಅಷ್ಟರಲ್ಲಿ ಬಂದ ನರ್ಸಮ್ಮ ಪರದೆ ಎಳೆದು, “ಅದ್ಕೇನೀಗ, ಬುಡಿ ಅಜ್ಜಿ, ಬಟ್ಟೆ ಇರಾದೇ ಬದಲಾಯ್ಸಕ್ಕೆ” ಅಂದರು. ಆಮೇಲೆ ನನಗೆ, “ಪೆನ್ನು ಇಟ್ಟು ಆ ಕಡೆ ಹಿಡ್ಕೊಳಮ್ಮ.”

ಹಿಡಿದುಕೊಂಡೆ. ಸೊಂಟ ನೋಯದ ಹಾಗೆ ಮೆಲ್ಲಗೆ ಹೊರಳಿಸಿ, ಒರೆಸಿ, ಒಣಗಿದ ಬಟ್ಟೆ ಹಾಸಿದೆವು. ನಾಚಿಕೆಯಿಂದ ನನಗೂ ಅಳು ಬಂತು.

ಎಲ್ಲ ಮುಗಿದ ಮೇಲೆ ಅಜ್ಜಿ, “ಅದೇನೋ ಕೇಳ್ತಿದ್ಯಲ್ಲವ್ವ?” ಅಂತು.

“ಬೇಡ ಬಿಡಿ ಅಜ್ಜಿ.”

“ಅಯ್ಯೋ, ನನ್ನಿಂದ ನಿನ್ನ ಓದು ಕೆಡಬಾರ್ದು. ಕೇಳು.”

ಅದೇ ಇಪ್ಪತ್ತೆಂಟನೇ ಪ್ರಶ್ನೆ ಕೇಳಿದೆ. ಅಜ್ಜಿ ಒಂದು ಗಳಿಗೆ ನರ್ಸಮ್ಮನನ್ನು ನೋಡಿತು, ಆಮೇಲೆ ನನ್ನನ್ನು.

“ಆಯಮ್ಮಂಗೆ ತಿಳೀತದೆ ಅಂತ ಬರ್ಕೊ. ನಿಂಗೂ ತಿಳೀತದೆ ಅಂತ್ಲೇ ಬರ್ಕೊ ಕಣವ್ವ, ಪಾಸಾಗ್ಬೇಕಲ್ಲ ನೀನು.”